ತಾಯಿಹಲಗೆಯ ಪೂರ್ವೋತ್ತರ

ಮೈಸೂರಿನಲ್ಲಿ ಚಾಮರಾಜನಗರದ ರೈಲು ಹತ್ತಿದವರಿಗೆ ನಂಜನಗೂಡು ದಾಟಿದ ಮೇಲೆ ಕವಲಂದೆಯ ನಿಲ್ದಾಣ ಸಿಕ್ಕುತ್ತದೆ. ನಂಜನಗೂಡಿನವರೆಗೆ ಈ ದಾರಿ ೧೮೯೧ರಲ್ಲಿಯೇ ಬಂದಿತ್ತು. ಅಲ್ಲಿಂದ ಮುಂದೆ ಕವಲಂದೆಯ ಮೇಲೆ ಹಾದು ಚಾಮರಾಜನಗರ ಮುಟ್ಟಿದ್ದು ೧೯೨೬ರಲ್ಲಿ. ದೊಡ್ಡಕವಲಂದೆ ಒಂದು ಹೋಬಳಿ. ಹೋಬಳಿ ಎಂದ ಮೇಲೆ ಒಂದು ನಾಡಕಚೇರಿ, ಕಚೇರಿ ಎಂದ ಮೇಲೆ ಒಂದು ಮೇಜು. ಒಂದು ಕಾಲದಲ್ಲಿ ಆ ಮೇಜಿನ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರಗಳಿರುತ್ತಿದ್ದುವು. ಈಗ ಅಲ್ಲಿ ಕಂಪ್ಯೂಟರು ಕುಳಿತಿದೆ. ಜಾತಿ, ಆದಾಯ, ವಾಸಸ್ಥಳ, ಪಹಣಿ - ಯಾವುದರ ಪತ್ರ ಕೇಳಿ ಬಂದರೂ ಕಚೇರಿಯಲ್ಲಿ ರೈತನು ಆ ಯಂತ್ರದ ಮುಂದೆ ನಿಲ್ಲುತ್ತಾನೆ.

ಆ ಯಂತ್ರದ ಪಕ್ಕದ ತಗಡನ್ನು ಬಿಚ್ಚಿ ನೀವು ಎಂದಾದರೂ ಒಳಗೆ ನೋಡಿದ್ದೀರಾ? ಒಳಗೆ ಇರುವುದು ಬಹುಪಾಲು ಬರಿಯ ಗಾಳಿ. ಗೋಡೆಗೆ ಅಂಟಿದಂತೆ ಒಂದು ಹಸಿರು ಅಥವಾ ಕಪ್ಪು ಹಲಗೆ. ಅದರ ಮೇಲೆ ಕಪ್ಪು ತುಣುಕುಗಳು, ಉದ್ದುದ್ದ ಗಾಡಿಗಳು, ಒಂದು ಬೀಸಣಿಗೆ, ಎಂಟಾಣೆಯ ಹಾಗೆ ಗುಂಡಗೆ ಹೊಳೆಯುವ ಒಂದು ಸೆಲ್ಲು. ಈ ಹಲಗೆಯೇ ಮದರ್‌ಬೋರ್ಡು. ಕನ್ನಡದಲ್ಲಿ ತಾಯಿಹಲಗೆ ಎಂದರೆ ತಪ್ಪಾಗಲಾರದು. ಇದಕ್ಕೆ ತಾಯಿಯ ಹೆಸರು ಬಂದದ್ದು ಭಕ್ತಿಯಿಂದಲ್ಲ. ಇದರ ಮೇಲಿನ ಗಾಡಿಗಳಲ್ಲಿ ಚಿಕ್ಕ ಹಲಗೆಗಳನ್ನು ನಿಲ್ಲಿಸುತ್ತಾರೆ. ಅವನ್ನು ಮಗಳು-ಹಲಗೆಗಳೆಂದು ಇಂಗ್ಲಿಷಿನಲ್ಲಿ ಕರೆದರು. ಮಕ್ಕಳಿದ್ದ ಮೇಲೆ ತಾಯಿ ಇರಲೇಬೇಕಷ್ಟೆ.

ಈ ಹಲಗೆಯನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಇದರ ಅಂಗಾಂಗಗಳನ್ನು ಇದಕ್ಕೆ ಪರಿಚಯ ಮಾಡಿಕೊಟ್ಟು, ಕೆಲಸಕ್ಕೆ ಅಣಿಗೊಳಿಸುವ ಒಂದು ವಿದ್ಯೆ ಉಂಟು. ಆ ವಿದ್ಯೆಗೂ ಒಂದು ಚರಿತ್ರೆ ಉಂಟು. ಮನುಷ್ಯನ ಬೆರಳಲ್ಲಿದ್ದ ಏರ್ಪಾಡು ಹಂತಹಂತವಾಗಿ ಕಣ್ಣಿಗೆ ಕಾಣದ ಕಡೆಗೆ ಸರಿದುಹೋದ ಕಥೆ ಅದು. ಅದರ ಒಂದು ಕೊಂಡಿ ನಮ್ಮ ನಂಜನಗೂಡಿನಲ್ಲಿಯೇ ಇದೆ.

ಮೊದಲು ರೇಡಿಯೊದಿಂದ ಆರಂಭಿಸುವುದು ಒಳ್ಳೆಯದು. ಅದು ನಿಮ್ಮ ಮನೆಯ ವಸ್ತು. ೧೯೩೫ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ 'ವಿಠ್ಠಲ ವಿಹಾರ'ದಲ್ಲಿ ೩೦ ವಾಟ್‌ನ ಪ್ರೇಷಕವೊಂದನ್ನು ಇಟ್ಟು ಪ್ರಸಾರ ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಆ ಮನೆಯಲ್ಲಿ ಎಂಬುದನ್ನು ನೀವೆಲ್ಲ ಬಲ್ಲಿರಿ. ಆ ಪ್ರೇಷಕವಾಗಲಿ, ಅದನ್ನು ಕೇಳುತ್ತಿದ್ದ ಮನೆಗಳ ವಾಲ್ವು ಸೆಟ್ಟುಗಳಾಗಲಿ, ಒಳಗೆ ಒಂದೇ ಬಗೆಯವು. ತಗಡಿನ ಒಂದು ಚೌಕಟ್ಟು. ಮೇಲುಗಡೆ ವಾಲ್ವುಗಳ ಸಾಲು. ಅಡಿಯಲ್ಲಿ ಬಣ್ಣಬಣ್ಣದ ತಂತಿಗಳ ಗೋಜಲು. ಪ್ರತಿಯೊಂದು ತಂತಿಯನ್ನೂ ಯಾರೋ ಒಬ್ಬರು ಕೈಯಿಂದ ಕತ್ತರಿಸಿ, ಕೊನೆ ಹೆರೆದು, ಬೆಸುಗೆ ಹಾಕಿರಬೇಕು. ಸೆಟ್ಟು ಕೆಟ್ಟರೆ ರಿಪೇರಿಯವನು ಅದನ್ನು ಬೋರಲು ಹಾಕಿ, ತಂತಿಯ ಜಾಡು ಹಿಡಿದು ಹೋಗಿ ದೋಷವನ್ನು ಕಾಣುತ್ತಿದ್ದನು. ಒಂದು ತಂತಿಯನ್ನು ಬಿಚ್ಚಿ ಇನ್ನೊಂದು ಕಡೆ ಬೆಸೆದರೆ ಯಂತ್ರದ ನಡತೆಯೇ ಬೇರೆ. ಏರ್ಪಾಡು ಎಂದರೆ ಆಗ ತಂತಿ.

ಮೊದಲ ದೊಡ್ಡ ಗಣಕಯಂತ್ರಗಳೂ ಹೀಗೆಯೇ ಇದ್ದುವು. ಅಮೆರಿಕದ ಫಿಲಡೆಲ್ಫಿಯದಲ್ಲಿ ೧೯೪೬ರಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು ೧೮,೦೦೦ ವಾಲ್ವುಗಳಿದ್ದುವು. ಒಂದು ಲೆಕ್ಕ ಮುಗಿಸಿ ಇನ್ನೊಂದನ್ನು ಕೊಡಬೇಕಾದರೆ ಕೇಬಲ್ಲುಗಳನ್ನು ಕಿತ್ತು ಬೇರೆ ರಂಧ್ರಗಳಿಗೆ ಚುಚ್ಚಬೇಕು, ಸ್ವಿಚ್ಚುಗಳನ್ನು ತಿರುಗಿಸಬೇಕು. ಲೆಕ್ಕ ನಿಮಿಷಗಳಲ್ಲಿ ಮುಗಿದರೂ ಅದಕ್ಕೆ ಯಂತ್ರವನ್ನು ಅಣಿಮಾಡಲು ದಿನಗಳೇ ಹಿಡಿಯುತ್ತಿದ್ದುವು. ಈ ಕೆಲಸದಲ್ಲಿ ಮುಖ್ಯರಾಗಿದ್ದವರು ಆರು ಮಂದಿ ಹೆಣ್ಣುಮಕ್ಕಳು. ಅವರ ಹೆಸರನ್ನು ಜನ ನೆನೆಯತೊಡಗಿದ್ದು ಬಹಳ ವರ್ಷಗಳ ತರುವಾಯ.

ತಂತಿಯ ಗೋಜಲಿಗೆ ಪರಿಹಾರ ಕಂಡವನು ಪಾಲ್ ಐಸ್ಲರ್ ಎಂಬಾತ. ೧೯೦೭ರಲ್ಲಿ ಆಸ್ಟ್ರಿಯದ ವಿಯೆನ್ನಾದಲ್ಲಿ ಹುಟ್ಟಿದ ಯೆಹೂದಿ. ಎಂಜಿನಿಯರಿಂಗ್ ಓದಿದ್ದರೂ ಅಂದಿನ ದ್ವೇಷದ ವಾತಾವರಣದಲ್ಲಿ ಅವನಿಗೆ ತಕ್ಕ ಕೆಲಸ ಸಿಕ್ಕಲಿಲ್ಲ. ಪತ್ರಿಕೆ, ಮುದ್ರಣ ಎಂದು ಕೆಲಕಾಲ ಕಳೆದು, ೧೯೩೬ರಲ್ಲಿ ಲಂಡನ್ನಿಗೆ ಬಂದನು. ಕೈಯಲ್ಲಿ ಕಾಸಿಲ್ಲ, ಬಾಡಿಗೆಯ ಒಂದು ಕೋಣೆ. ಅಚ್ಚಿನ ಮನೆಯಲ್ಲಿ ಅಕ್ಷರ ಬೀಳುವುದನ್ನು ನೋಡಿದವನಿಗೆ ಒಂದು ಯೋಚನೆ ಹೊಳೆಯಿತು: ಅಕ್ಷರವನ್ನು ಅಚ್ಚುಹಾಕಬಹುದಾದರೆ ತಂತಿಯನ್ನೇಕೆ ಅಚ್ಚುಹಾಕಬಾರದು? ತೆಳುವಾದ ತಾಮ್ರದ ಹಾಳೆಯನ್ನು ಹಲಗೆಗೆ ಅಂಟಿಸಿ, ಬೇಕಾದ ಗೆರೆಗಳ ಮೇಲೆ ಮಾತ್ರ ಮಸಿ ಬೀಳುವಂತೆ ಮುದ್ರಿಸಿ, ಉಳಿದ ತಾಮ್ರವನ್ನು ಆಮ್ಲದಲ್ಲಿ ಕರಗಿಸಿಬಿಟ್ಟರೆ ನಿಲ್ಲುವ ಗೆರೆಗಳೇ ತಂತಿ. ಹೀಗೆ ಮಾಡಿದ ಹಲಗೆಯಿಂದ ಅವನು ಮೊದಲು ಕಟ್ಟಿದ್ದು, ಕೇಳಿ, ಒಂದು ರೇಡಿಯೊ ಸೆಟ್ಟು.

ಅದನ್ನು ಹೊತ್ತುಕೊಂಡು ಅವನು ಒಂದು ದೊಡ್ಡ ರೇಡಿಯೊ ಕಂಪನಿಗೆ ಹೋದನಂತೆ. ಅವರು ಒಪ್ಪಲಿಲ್ಲ. ಬೆಸುಗೆಯ ಕೆಲಸಕ್ಕೆ ಹುಡುಗಿಯರು ಅಗ್ಗವಾಗಿ ಸಿಕ್ಕುತ್ತಾರೆ, ಹೇಳಿದಂತೆ ಬದಲಾಯಿಸಿಯೂ ಕೊಡುತ್ತಾರೆ, ಈ ಹಲಗೆಯ ಗೊಡವೆ ಏಕೆ ಎಂಬುದು ಅವರ ವಾದವಾಗಿತ್ತೆಂದು ಐಸ್ಲರ್ ಮುಂದೆ ಹೇಳಿಕೊಂಡಿದ್ದಾನೆ. ವಾದದಲ್ಲಿ ಕ್ರೌರ್ಯವಿದ್ದರೂ ಒಂದು ನಿಜವೂ ಇತ್ತು. ಕೈಬೆಸುಗೆಯ ಸೆಟ್ಟನ್ನು ಬದಲಾಯಿಸಬಹುದು. ಅಚ್ಚಾದ ಗೆರೆಯನ್ನು ಬದಲಾಯಿಸಲಾಗದು. ಈ ತೊಡಕು ನೆನಪಿರಲಿ, ಮುಂದೆ ಬರುತ್ತದೆ. ಯುದ್ಧ ಬಂತು. ಶತ್ರುದೇಶದವನೆಂದು ಐಸ್ಲರನನ್ನೇ ೧೯೪೦ರಲ್ಲಿ ಕೆಲಕಾಲ ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೆ ಸಂಗೀತದ ಹಾಳೆಗಳನ್ನು ಅಚ್ಚುಹಾಕುತ್ತಿದ್ದ ಲಂಡನ್ನಿನ ಒಂದು ಮುದ್ರಣಾಲಯದ ಆಶ್ರಯದಲ್ಲಿ ಕೆಲಸ ಮುಂದುವರಿಸಿ, ೧೯೪೩ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಗುರಿಯ ಹತ್ತಿರ ಬಂದೊಡನೆ ತಾನೇ ಸಿಡಿಯುವ ಫಿರಂಗಿ ಗುಂಡುಗಳನ್ನು ಅಮೆರಿಕದವರು ಆಗ ಮಾಡುತ್ತಿದ್ದರು. ಆ ಗುಂಡಿನ ಮೂತಿಯೊಳಗೆ ಒಂದು ಪುಟ್ಟ ರೇಡಿಯೊ ಇರಬೇಕು. ಫಿರಂಗಿಯಿಂದ ಹಾರುವ ರಭಸಕ್ಕೆ ಅದರ ಸಂಪರ್ಕ ಕಡಿಯಬಾರದು. ಮುದ್ರಿತ ಹಲಗೆಯ ಬೆಲೆ ಲೋಕಕ್ಕೆ ತಿಳಿದದ್ದು ಅಲ್ಲಿ. ಶಾಂತಿ ಬಂದ ಮೇಲೆ ಅದು ಮನೆಯ ರೇಡಿಯೊ, ಟ್ರಾನ್ಸಿಸ್ಟರು, ಟೆಲಿವಿಷನ್ನುಗಳಿಗೆ ಇಳಿದು ಬಂತು.

ಈಗ ನಂಜನಗೂಡಿಗೆ ಬರೋಣ. ಶ್ರೀಕಂಠೇಶ್ವರನ ಗೋಪುರ, ರಸಬಾಳೆ, ಹಲ್ಲುಪುಡಿ - ಇಷ್ಟರಿಂದ ಆ ಊರನ್ನು ಬಲ್ಲವರು ಬಹಳ. ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್ ಎಂಬ ಕಾರ್ಖಾನೆಯಿತ್ತು. ಅದರ ಕಸುಬು ಮುದ್ರಿತ ಹಲಗೆ ಮಾಡುವುದು. ೧೯೯೯ರಲ್ಲಿ ಆ ಕಾರ್ಖಾನೆಯನ್ನು ಎಟಿ ಅಂಡ್ ಎಸ್ ಎಂಬ ಕಂಪನಿ ಕೊಂಡಿತು. ಈ ಕಂಪನಿಯ ಮೂಲಸ್ಥಾನ ಆಸ್ಟ್ರಿಯದ ಲಿಯೋಬೆನ್. ವಿಯೆನ್ನಾದವನೊಬ್ಬ ನೆಲೆಯಿಲ್ಲದೆ ಹೊರಬಂದು ಲಂಡನ್ನಿನ ಕೋಣೆಯಲ್ಲಿ ಕಂಡ ವಿದ್ಯೆ, ಅರವತ್ತು ವರ್ಷದ ಮೇಲೆ ಆಸ್ಟ್ರಿಯದ ಕಂಪನಿಯ ಹೆಸರಿನಲ್ಲಿ ಕಪಿಲೆಯ ದಡಕ್ಕೆ ಬಂದಂತಾಯಿತು. ಇದು ಬರಿಯ ಕಾಕತಾಳೀಯ. ಆದರೂ ಹೇಳದೆ ಇರಲಾರೆ. ಕಂಪ್ಯೂಟರಿನ ತಾಯಿಹಲಗೆಯೇ ಅಲ್ಲಿ ತಯಾರಾಗುತ್ತದೆಂದು ನೀವು ತಿಳಿಯಬಾರದು. ವಾಹನಗಳಿಗೆ, ಕಾರ್ಖಾನೆಯ ಯಂತ್ರಗಳಿಗೆ ಬೇಕಾದ ಹಲಗೆಗಳು ಅಲ್ಲಿಯ ಮುಖ್ಯ ಸರಕು. ಆದರೆ ಜಾತಿ ಒಂದೇ, ಮಾಡುವ ಕ್ರಮವೂ ಒಂದೇ.

ಆ ಕ್ರಮವನ್ನು ಮನೆಯಂಗಳದ ರಂಗೋಲಿಯಿಂದ ತಿಳಿಯುವುದು ಸುಲಭ. ಗಾಜಿನ ನೂಲನ್ನು ನೇಯ್ದು, ಅಂಟಿನಲ್ಲಿ ತೋಯಿಸಿ, ಒತ್ತಿ ಗಟ್ಟಿಮಾಡಿದ ತಟ್ಟೆಯೇ ಅಂಗಳ. ಅದರ ಮೇಲೆ ತಾಮ್ರದ ಹಾಳೆ. ಅದರ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಮೂವತ್ತನೆಯ ಒಂದು ಭಾಗದಷ್ಟು. ಚುಕ್ಕಿಗಳೆಂದರೆ ಕೊರೆದ ರಂಧ್ರಗಳು. ಎಳೆಗಳೆಂದರೆ ಕರಗದೆ ಉಳಿದ ತಾಮ್ರ. ರಂಗೋಲಿಗೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ರಂಗೋಲಿಯ ಎಳೆ ಎಳೆಯನ್ನು ದಾಟಿ ಹೋಗಬಹುದು. ಇಲ್ಲಿ ದಾಟಿದರೆ ಎರಡೂ ತಾಕಿ ಕೆಲಸ ಕೆಡುತ್ತದೆ. ಆದ್ದರಿಂದ ಒಂದರ ಮೇಲೊಂದು ಅಂಗಳಗಳನ್ನೇ ಪೇರಿಸುತ್ತಾರೆ. ಕಂಪ್ಯೂಟರಿನ ತಾಯಿಹಲಗೆಯಲ್ಲಿ ನಾಲ್ಕು, ಆರು, ಎಂಟು ಪದರಗಳಿರುತ್ತವೆ. ರಂಧ್ರಗಳ ಒಳಗೋಡೆಗೆ ತಾಮ್ರ ಲೇಪಿಸಿ ಮೇಲಿನ ಎಳೆಯನ್ನು ಕೆಳಗಿನ ಎಳೆಗೆ ಸೇರಿಸುತ್ತಾರೆ. ಕೊನೆಯಲ್ಲಿ ಬಳಿಯುವ ಹಸಿರು ಲೇಪ ಬೆಸುಗೆ ಬೇಡವಾದ ಕಡೆ ಹರಿಯದಂತೆ ತಡೆಯುತ್ತದೆ. ಇಷ್ಟಕ್ಕೂ ನೀರು ಬಹಳ ಬೇಕು. ತೊಳೆದ ನೀರಿನಲ್ಲಿ ತಾಮ್ರ ಉಳಿಯುತ್ತದೆ. ಅದನ್ನು ತೆಗೆದು ಶುದ್ಧಿಮಾಡದೆ ನೀರನ್ನು ಹೊರಗೆ ಬಿಡುವಂತಿಲ್ಲ. ಹೊಳೆಯ ದಡದ ಊರಿನವರು ಈ ವಿದ್ಯೆಯ ಈ ಭಾಗವನ್ನು ಮಾತ್ರ ಎಂದೂ ಮರೆಯಬಾರದು.

ಈಗ ಆ ತೊಡಕಿಗೆ ಬರೋಣ. ಹಲಗೆ ಅಚ್ಚಾಗಿ ಬಂದಿದೆ, ಗೆರೆಗಳು ಕದಲುವುದಿಲ್ಲ. ಆದರೆ ಕೊಂಡವರೆಲ್ಲರ ಅಗತ್ಯ ಒಂದೇ ಅಲ್ಲವಲ್ಲ? ಒಬ್ಬನಿಗೆ ಹೆಚ್ಚು ನೆನಪಿನ ಶಕ್ತಿ ಬೇಕು, ಒಬ್ಬನಿಗೆ ಬಣ್ಣದ ಪರದೆ, ಇನ್ನೊಬ್ಬನಿಗೆ ಎರಡು ಫ್ಲಾಪಿ. ಕದಲದ ಹಲಗೆಗೆ ಇದನ್ನೆಲ್ಲ ತಿಳಿಸುವುದು ಹೇಗೆ?

ಉತ್ತರ ಸಣ್ಣ ಸ್ವಿಚ್ಚುಗಳ ರೂಪದಲ್ಲಿ ಬಂತು. ೧೯೭೭ರಲ್ಲಿ ಬಂದ ಆಪಲ್ ಎರಡನೆಯ ಮಾದರಿಯಲ್ಲಿ ಎಂಟು ಗಾಡಿಗಳಿರುವ ಒಂದೇ ದೊಡ್ಡ ಹಲಗೆಯಿತ್ತು. ೧೯೮೧ರ ಆಗಸ್ಟಿನಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರು ಬಂತು. ಇಂದಿನ ಮೇಜಿನ ಕಂಪ್ಯೂಟರುಗಳ ವಂಶವೃಕ್ಷದ ಬೇರು ಅದೇ. ಅದರ ಹಲಗೆಯಲ್ಲಿ ಐದು ಗಾಡಿಗಳು ಮತ್ತು ಎಂಟೆಂಟರ ಎರಡು ಸಾಲು ಪುಟ್ಟ ಸ್ವಿಚ್ಚುಗಳು. ಫ್ಲಾಪಿ ಎಷ್ಟು, ಪರದೆ ಯಾವ ಬಗೆ, ನೆನಪು ಎಷ್ಟು, ಲೆಕ್ಕಕ್ಕೆ ಸಹಾಯದ ಚಿಪ್ಪು ಉಂಟೋ ಇಲ್ಲವೋ - ಎಲ್ಲವನ್ನೂ ಆ ಹದಿನಾರು ಗುಬಟಗಳ ಮೇಲು-ಕೆಳಗಿನ ಮೂಲಕವೇ ಹೇಳಬೇಕು. ಒಂದು ತಪ್ಪಿದರೆ ಯಂತ್ರ ಇರುವ ನೆನಪನ್ನು ಇಲ್ಲವೆನ್ನುತ್ತದೆ, ಇಲ್ಲವೆ ಪರದೆ ಕತ್ತಲಾಗಿಯೇ ಇರುತ್ತದೆ. ಸ್ವಿಚ್ಚನ್ನು ಸರಿಸಲು ಬಾಲ್‌ಪೆನ್ನಿನ ತುದಿ ಸರಿ, ಸೀಸದ ಕಡ್ಡಿ ಕೂಡದು ಎಂಬುದು ಕುಶಲಿಗಳ ಒಂದು ಕಟ್ಟಪ್ಪಣೆ. ಸೀಸದ ಕಡ್ಡಿಯ ಪುಡಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಅದು ಸ್ವಿಚ್ಚಿನೊಳಗೆ ಉದುರಿದರೆ ಆಮೇಲೆ ಹುಡುಕುವವನ ಪಾಡು ದೇವರಿಗೇ ಪ್ರೀತಿ.

ಸ್ವಿಚ್ಚುಗಳ ಜೊತೆಗೆ ಜಂಪರುಗಳು. ಎರಡು ಪಿನ್ನುಗಳನ್ನು ಸೇರಿಸುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಟೊಪ್ಪಿಗೆ. ಟೊಪ್ಪಿಗೆ ಹಾಕಿದರೆ ದಾರಿ ಕೂಡಿತು, ತೆಗೆದರೆ ಕಡಿಯಿತು. ಗಾಡಿಯಲ್ಲಿ ನಿಲ್ಲಿಸಿದ ಪ್ರತಿಯೊಂದು ಮಗಳು-ಹಲಗೆಯೂ ಪ್ರೊಸೆಸರನ್ನು ಕೂಗಿ ಕರೆಯಲು ಒಂದೊಂದು ಗಂಟೆಯ ದಾರವನ್ನು ಹಿಡಿದಿರಬೇಕು. ಇಬ್ಬರು ಒಂದೇ ದಾರವನ್ನು ಹಿಡಿದರೆ ಯಜಮಾನನಿಗೆ ಕರೆದವರು ಯಾರೆಂದು ತಿಳಿಯದೆ ಇಬ್ಬರ ಕೆಲಸವೂ ನಿಲ್ಲುತ್ತದೆ. ಯಾರಿಗೆ ಯಾವ ದಾರ ಎಂಬುದನ್ನು ಕಾಗದದಲ್ಲಿ ಬರೆದುಕೊಂಡು, ಒಂದೊಂದೇ ಟೊಪ್ಪಿಗೆಯನ್ನು ಕಿತ್ತು ಹಾಕುತ್ತ ರಾತ್ರಿ ಕಳೆದವರು ೧೯೮೦-೯೦ರ ದಶಕಗಳಲ್ಲಿ ನಮ್ಮ ಊರುಗಳಲ್ಲಿಯೂ ಇದ್ದರು.

ಕನ್ನಡಕ್ಕೂ ಈ ಗಾಡಿಗೂ ಒಂದು ಋಣಾನುಬಂಧವಿದೆ. ಆಗಿನ ಕಂಪ್ಯೂಟರಿನ ಪರದೆಗೆ ಇಂಗ್ಲಿಷಿನ ಅಕ್ಷರಗಳ ಹೊರತು ಬೇರೆ ಬಾರದು. ಅಕ್ಷರದ ಆಕಾರ ಹಲಗೆಯ ಮೇಲಿನ ಚಿಪ್ಪಿನಲ್ಲಿಯೇ ಕೊರೆದಿರುತ್ತಿತ್ತು. ಒತ್ತು, ಗುಣಿತ, ದೀರ್ಘ ಎಲ್ಲ ಇರುವ ನಮ್ಮ ಲಿಪಿಯನ್ನು ಅಲ್ಲಿ ಕೂರಿಸುವುದಾದರೂ ಎಲ್ಲಿ? ಕಾನ್ಪುರದ ಐಐಟಿಯಲ್ಲಿ ಈ ಸಮಸ್ಯೆಯನ್ನು ಹಿಡಿದು ಕೆಲಸ ಮಾಡಿದರು. ೧೯೮೮ರ ಸುಮಾರಿನಿಂದ ಪುಣೆಯ ಸಿಡ್ಯಾಕ್ ಸಂಸ್ಥೆ ಅದನ್ನು ಮುಂದುವರಿಸಿತು. ಫಲವಾಗಿ ಬಂದದ್ದು ಜಿಸ್ಟ್ ಕಾರ್ಡು. ಇದೊಂದು ಮಗಳು-ಹಲಗೆ. ಇದನ್ನು ತಾಯಿಹಲಗೆಯ ಗಾಡಿಯಲ್ಲಿ ನಿಲ್ಲಿಸಿದರೆ, ಇಂಗ್ಲಿಷಿಗಾಗಿ ಬರೆದ ಲೆಕ್ಕಪತ್ರದ ಕ್ರಮವಿಧಿಗಳೇ ಕನ್ನಡ, ದೇವನಾಗರಿ, ತೆಲುಗು, ತಮಿಳುಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದುವು. ಭಾರತದ ಲಿಪಿಗಳಿಗೆಲ್ಲ ಸಾಮಾನ್ಯವಾದ ಒಂದು ಸಂಕೇತಪಟ್ಟಿಯನ್ನು ೧೯೯೧ರಲ್ಲಿ ಮಾನಕ ಸಂಸ್ಥೆ ಗೊತ್ತುಮಾಡಿತು. ಯೋಚಿಸಿ ನೋಡಿ: ಆ ಕೆಲವು ವರ್ಷ ಕಚೇರಿಯ ಕಂಪ್ಯೂಟರಿನಲ್ಲಿ ಕನ್ನಡವಿದೆಯೇ ಇಲ್ಲವೇ ಎಂಬುದು ತಾಯಿಹಲಗೆಯಲ್ಲಿ ಒಂದು ಗಾಡಿ ಖಾಲಿಯಿದೆಯೇ, ಅದಕ್ಕೆ ಕಾರ್ಡು ಕೊಳ್ಳಲು ಹಣವಿದೆಯೇ ಎಂಬುದರ ಮೇಲೆ ನಿಂತಿತ್ತು. ೧೯೯೧ರಲ್ಲಿಯೇ ಯೂನಿಕೋಡ್ ಎಂಬ ಲೋಕದ ಪಟ್ಟಿಯಲ್ಲಿಯೂ ಕನ್ನಡ ಸೇರಿತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಅಕ್ಷರಮಾದರಿ ಜೊತೆಯಲ್ಲಿಯೇ ಬಂದ ಮೇಲೆ ಕಾರ್ಡಿನ ಅಗತ್ಯ ತಪ್ಪಿತು.

ಗುಬಟಗಳ ಕಾಲವೂ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಮೊದಲ ತಿರುವು ೧೯೮೪ರದು. ಆ ವರ್ಷ ಬಂದ ಐಬಿಎಂ ಎಟಿ ಎಂಬ ಯಂತ್ರದಲ್ಲಿ ಒಂದು ಗಡಿಯಾರದ ಚಿಪ್ಪನ್ನು ಇಟ್ಟರು. ಅದರಲ್ಲಿ ೬೪ ಅಕ್ಷರಗಳಷ್ಟು ಜಾಗ; ೧೪ ಗಡಿಯಾರದ ಪಾಲು, ಉಳಿದ ೫೦ ಏರ್ಪಾಡಿನ ಪಾಲು. ಯಂತ್ರ ಆರಿದಾಗಲೂ ಇದು ಮರೆಯದಂತೆ ಒಂದು ಬ್ಯಾಟರಿ. ಬೆರಳು ಸ್ವಿಚ್ಚನ್ನು ಬಿಟ್ಟು ಕೀಲಿಮಣೆಗೆ ಬಂತು. ಪರದೆಯ ಮೇಲೆ ಪ್ರಶ್ನೆ, ಅದಕ್ಕೆ ಉತ್ತರ. ಬ್ಯಾಟರಿ ಸತ್ತರೆ ಮಾತ್ರ ಯಂತ್ರ ತನ್ನ ಅಂಗಾಂಗಗಳನ್ನೇ ಮರೆತು, ದಿನಾಂಕವನ್ನು ಎಷ್ಟೋ ವರ್ಷ ಹಿಂದಕ್ಕೆ ಹಾಕಿ ಕೂರುತ್ತಿತ್ತು. ಆ ಗಡಿಯಾರ ವರ್ಷವನ್ನು ಎರಡೇ ಅಂಕಿಗಳಲ್ಲಿ ಎಣಿಸುತ್ತಿತ್ತು ಎಂಬುದು ೨೦೦೦ನೆಯ ಇಸವಿ ಹತ್ತಿರ ಬಂದಾಗ ಲೋಕಕ್ಕೆಲ್ಲ ದೊಡ್ಡ ಚಿಂತೆಯಾಯಿತು.

೧೯೯೩-೯೫ರ ನಡುವೆ ಹಲಗೆ ತನ್ನ ಮಕ್ಕಳನ್ನು ತಾನೇ ವಿಚಾರಿಸಿ, ಗಂಟೆಯ ದಾರಗಳನ್ನು ತಾನೇ ಹಂಚುವ ಏರ್ಪಾಡು ಬಂತು. ೧೯೯೫ರಲ್ಲಿ ಇಂಟೆಲ್ ಕಂಪನಿ ಹಲಗೆಯ ಅಳತೆ, ಮೊಳೆಯ ಜಾಗ, ವಿದ್ಯುತ್ತಿನ ಗಾಡಿ ಇವಕ್ಕೆಲ್ಲ ಎಟಿಎಕ್ಸ್ ಎಂಬ ಒಂದು ಕಟ್ಟಳೆ ಮಾಡಿತು. ಯಾವ ಊರಿನ ಹಲಗೆಯಾದರೂ ಯಾವ ಊರಿನ ಪೆಟ್ಟಿಗೆಗೂ ಹೊಂದುವುದು ಈ ಕಟ್ಟಳೆಯ ಪುಣ್ಯ. ಬಿಡಿಭಾಗ ತಂದು ತಾವೇ ಜೋಡಿಸಿ ಮಾರುವ ಚಿಕ್ಕ ಅಂಗಡಿಗಳು ನಮ್ಮಲ್ಲಿ ಬದುಕಿದ್ದು ಇದರಿಂದ.

ಸುಲಭವಾದದ್ದಕ್ಕೆ ಒಂದು ಬೆಲೆಯೂ ಇತ್ತು. ಹಲಗೆಯ ಮೂಲ ಕ್ರಮವಿಧಿ ಇರುವ ಚಿಪ್ಪು, ಅಂದರೆ ಬಯಾಸ್, ಮೊದಲು ಅಳಿಸಲಾಗದ ಬರಹವಾಗಿತ್ತು. ಹೊಸ ಕಾಲದಲ್ಲಿ ಅದನ್ನು ಕೀಲಿಮಣೆಯಿಂದಲೇ ತಿದ್ದಬಹುದೆಂದಾಯಿತು. ತಿದ್ದಲು ಬರುವುದನ್ನು ಕೆಡಿಸಲೂ ಬರುತ್ತದೆ. ತೈವಾನಿನ ಒಬ್ಬ ವಿದ್ಯಾರ್ಥಿ ೧೯೯೮ರಲ್ಲಿ ಬರೆದ ಸಿಐಎಚ್ ಎಂಬ ವೈರಸ್ಸು ೧೯೯೯ರ ಏಪ್ರಿಲ್ ೨೬ರಂದು ಎದ್ದು, ಅನೇಕ ದೇಶಗಳಲ್ಲಿ ಕಡತಗಳನ್ನು ಅಳಿಸಿದ್ದಲ್ಲದೆ ಬಯಾಸನ್ನೂ ಅಳಿಸಿಹಾಕಿತು. ಆ ಏಟಿಗೆ ಏಷ್ಯಾದ ದೇಶಗಳು ಹೆಚ್ಚು ಗುರಿಯಾದುವು. ಬಯಾಸ್ ಹೋದ ಹಲಗೆ ಎಂದರೆ ಹೆಸರು ಕೇಳಿದರೂ ಕಣ್ಣು ಬಿಡದ ಶರೀರ. ಆದರೆ ಕೆಲವು ಹಲಗೆಗಳಲ್ಲಿ ಚಿಪ್ಪಿನ ಮೇಲೆ ಬರೆಯುವ ದಾರಿಯನ್ನೇ ಕಡಿಯುವ ಒಂದು ಜಂಪರು ಇತ್ತು. ಆ ಟೊಪ್ಪಿಗೆಯನ್ನು ಯಾರು ಸರಿಯಾದ ಕಡೆ ಹಾಕಿಟ್ಟಿದ್ದರೋ ಅವರ ಹಲಗೆಯ ಬಯಾಸನ್ನು ವೈರಸ್ಸು ಮುಟ್ಟಲಾಗಲಿಲ್ಲ. ಬೆರಳಿನಿಂದ ಮಾಡಿದ್ದನ್ನು ಬೆರಳೇ ಬಿಚ್ಚಬೇಕು. ದೂರದಿಂದ ಬಂದ ಯಾವ ಬರಹಕ್ಕೂ ಅದು ಬಗ್ಗುವುದಿಲ್ಲ. ಹಳೆಯ ಏರ್ಪಾಡಿನ ಪರವಾಗಿ ಇಷ್ಟಾದರೂ ಹೇಳಬೇಕು.

ಇದೆಲ್ಲ ದೂರದ ಮಾತೆಂದು ಕವಲಂದೆಯ ರೈತ ಹೇಳುವಂತಿಲ್ಲ. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ೨೦೦೧ರ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ ೧೫ ರೂಪಾಯಿಗೆ ಅಚ್ಚಿನ ಪ್ರತಿ ಕೊಡತೊಡಗಿದರು. ಆಗ ತಾಲ್ಲೂಕುಗಳು ೧೭೭. ಕವಲಂದೆಯವರು ಇದಕ್ಕೆ ನಂಜನಗೂಡಿಗೆ ಹೋಗಬೇಕು. ಗುಮಾಸ್ತನ ಪರದೆಯ ಜೊತೆಗೆ ರೈತನ ಕಡೆಗೆ ತಿರುಗಿಸಿದ ಎರಡನೆಯ ಪರದೆಯೊಂದನ್ನು ಇಟ್ಟಿದ್ದರು. ತನ್ನ ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಹೆಸರುಗಳನ್ನು ಅವನೇ ಓದಿಕೊಳ್ಳಬಹುದು. ಆ ಎರಡನೆಯ ಪರದೆಯನ್ನು ಇಡಬೇಕೆಂದು ಯೋಚಿಸಿದವರಿಗೆ ನನ್ನ ನಮಸ್ಕಾರ. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರ್ಕಾರವೇ ಸಾರಿದ ಮೇಲೆ ಎಲ್ಲವೂ ಆ ಯಂತ್ರದ ಮೇಲೆ ನಿಂತಿತು. ಮುಂದೆ, ೨೦೧೨ರಿಂದ, ಹೋಬಳಿಯ ನಾಡಕಚೇರಿಗಳು ಜನಸ್ನೇಹಿ ಕೇಂದ್ರಗಳಾಗಿ, ಹಲವು ಪತ್ರಗಳು ದೊಡ್ಡಕವಲಂದೆಯಂಥ ಹೋಬಳಿಯ ಊರಿಗೇ ಬಂದುವು.

ಮೊದಲು ತಾಲ್ಲೂಕಿನ ದಾಖಲೆ ತಾಲ್ಲೂಕಿನ ಯಂತ್ರದಲ್ಲಿಯೇ ಇರುತ್ತಿತ್ತು. ಈಗ ಅದು ಬೆಂಗಳೂರಿನ ಕೇಂದ್ರದಲ್ಲಿ. ಹೋಬಳಿಯ ಯಂತ್ರ ಅಲ್ಲಿಗೆ ತೆರೆದ ಒಂದು ಕಿಟಕಿ. ಈ ಕಿಟಕಿಗೆ ಬೀಗವುಂಟು. ಅತ್ತಣ ಯಂತ್ರ ತಾನು ನಿಜವಾಗಿಯೂ ಸರ್ಕಾರದ್ದೇ ಎಂಬುದಕ್ಕೆ ಒಂದು ರುಜುವಾತನ್ನು ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಬರೆದಿರುತ್ತದೆ. ಇತ್ತಣ ಯಂತ್ರ ತನ್ನ ಗಡಿಯಾರವನ್ನು ನೋಡಿ ಆ ಅವಧಿಯನ್ನು ಒಪ್ಪಬೇಕು. ತಾಯಿಹಲಗೆಯ ಸೆಲ್ಲು ಸತ್ತು, ಗಡಿಯಾರ ಹತ್ತು ವರ್ಷ ಹಿಂದೆ ಬಿದ್ದಿದೆ ಎನ್ನಿ. ರುಜುವಾತು ಇನ್ನೂ ಹುಟ್ಟಿಯೇ ಇಲ್ಲವೆಂದು ಯಂತ್ರ ತಿಳಿದು, ಕಿಟಕಿಯನ್ನು ತೆರೆಯಲಾರೆನೆನ್ನುತ್ತದೆ. ತಂತಿ ಸರಿ, ವಿದ್ಯುತ್ತು ಸರಿ, ಬೆಂಗಳೂರು ಸರಿ. ಸಾಲದ ಅರ್ಜಿಗೆ ಪಹಣಿ ಬೇಕೆಂದು ಬಂದವನು ಮಾತ್ರ ಸಾಲಿನಲ್ಲಿ ನಿಂತೇ ಇರುತ್ತಾನೆ. ಇದನ್ನು 'ಸರ್ವರ್ ಡೌನ್' ಎಂಬ ಎರಡು ಮಾತಿನಲ್ಲಿ ಹೇಳಿ ಕಳುಹಿಸುವವರಿಗೆ ಎಷ್ಟೋ ಸಲ ಕಾರಣ ತಮ್ಮ ಮೊಣಕಾಲಿನ ಬಳಿಯ ಪೆಟ್ಟಿಗೆಯಲ್ಲಿದೆ ಎಂಬುದು ಹೊಳೆಯುವುದಿಲ್ಲ.

ಆದಕಾರಣ ಹಲಗೆಯನ್ನು ಕೂರಿಸುವ ಕ್ರಮವನ್ನು ಸ್ವಲ್ಪ ತಿಳಿದಿರುವುದು ಮನೆಯವರಿಗೂ ಒಳ್ಳೆಯದು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬಿಡಿಭಾಗಗಳನ್ನು ತಂದು ಜೋಡಿಸುತ್ತೇನೆಂದರೆ ಗದರಿಸಬೇಡಿ, ಬಳಿಯಲ್ಲಿ ಕುಳಿತು ನೋಡಿ. ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ರೇಷ್ಮೆಯನ್ನೋ ಉಣ್ಣೆಯನ್ನೋ ಉಟ್ಟು ಈ ಕೆಲಸಕ್ಕೆ ಕೂರಬಾರದು. ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನವೂ ಅದರ ಪೀಠದ ತ್ರಿಕೋನವೂ ಒಂದೇ ಮೂಲೆಗೆ ಬರಬೇಕು. ಅದು ತಾನಾಗಿ ಕೂರಬೇಕು, ಒತ್ತಿದವನು ಕೆಟ್ಟ. ಅದರ ಮೇಲೆ ಕಡಲೆಕಾಳಿನಷ್ಟು ಪೇಸ್ಟು, ಅದರ ಮೇಲೆ ಬೀಸಣಿಗೆ. ರ್ಯಾಮ್ ಪಟ್ಟಿಯ ಕಚ್ಚನ್ನು ಗಾಡಿಯ ಉಬ್ಬಿಗೆ ಹೊಂದಿಸಿ, ಟಕ್ಕೆಂಬ ಸದ್ದು ಬರುವವರೆಗೆ ಅದುಮಬೇಕು. ಇಲ್ಲಿ ಮಾತ್ರ ಸ್ವಲ್ಪ ಬಲ ಬೇಕು. ಹಲಗೆ ಪೆಟ್ಟಿಗೆಯ ತಗಡಿಗೆ ತಾಕದಂತೆ ಅಡಿಯಲ್ಲಿ ಹಿತ್ತಾಳೆಯ ಚಿಕ್ಕ ಕಂಬಗಳಿರುತ್ತವೆ. ಹಲಗೆಯಲ್ಲಿ ರಂಧ್ರವಿಲ್ಲದ ಕಡೆ ಒಂದು ಕಂಬ ಉಳಿದುಬಿಟ್ಟರೆ ಅದು ಅಡಿಯ ಬೆಸುಗೆಗಳನ್ನು ತಾಕಿ ಹಲಗೆಯನ್ನೇ ಸುಡಬಹುದು.

ರಿಪೇರಿಯವರು ಎಸ್‌ಎಂಪಿಎಸ್ ಎನ್ನುವ ವಿದ್ಯುತ್ತಿನ ಡಬ್ಬದಿಂದ ಎರಡು ಗೊಂಚಲು ಬರುತ್ತವೆ: ೨೪ ಪಿನ್ನಿನ ದೊಡ್ಡದು, ಪ್ರೊಸೆಸರಿನ ಪಕ್ಕಕ್ಕೆ ಹೋಗುವ ೪ ಅಥವಾ ೮ ಪಿನ್ನಿನ ಚಿಕ್ಕದು. ಹೊಸಬರು ಮರೆಯುವುದು ಈ ಚಿಕ್ಕದನ್ನೇ. ಬೀಸಣಿಗೆ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆಯಲ್ಲಿ ಏನೂ ಇಲ್ಲ. ಹಲಗೆಯೇ ಸತ್ತಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ಇನ್ನು ಪೆಟ್ಟಿಗೆಯ ಮುಖದ ಗುಂಡಿ, ದೀಪಗಳಿಂದ ಬರುವ ಎಳೆಎಳೆ ತಂತಿಗಳು. ಇವುಗಳಲ್ಲಿ ದೀಪಕ್ಕೆ ಧನ-ಋಣದ ಭೇದವುಂಟು, ಗುಂಡಿಗೆ ಇಲ್ಲ. ಯಾವುದು ಎಲ್ಲಿಗೆಂದು ಹಲಗೆಯ ಜೊತೆಗೆ ಬಂದ ಪುಸ್ತಕದಲ್ಲಿ ಚಿತ್ರವಿರುತ್ತದೆ. ಆ ಪುಸ್ತಕವನ್ನು ಎಸೆಯಬೇಡಿ, ಪಂಚಾಂಗದ ಜೊತೆಗಿಡಿ.

ಹಳೆಯ ಬಯಾಸಿನ ಜಾಗಕ್ಕೆ ಈಗ ಯುಇಎಫ್‌ಐ ಎಂಬ ಹೊಸ ಏರ್ಪಾಡು ಬಂದಿದೆ. ಅದನ್ನು ನೋಡಿಕೊಳ್ಳುವ ಒಕ್ಕೂಟ ನಿಂತದ್ದು ೨೦೦೫ರಲ್ಲಿ. ಇಲಿಯನ್ನು ಆಡಿಸಿದರೆ ಬಣ್ಣದ ಚಿತ್ರಗಳು ಬರುತ್ತವೆ. ಇನ್ನೊಂದು ಕಡೆ ಮಡಿಲಿನ ಕಂಪ್ಯೂಟರುಗಳಲ್ಲಿ ನೆನಪಿನ ಚಿಪ್ಪನ್ನೂ ಪ್ರೊಸೆಸರನ್ನೂ ಹಲಗೆಗೇ ಬೆಸೆದುಬಿಡುವ ವಾಡಿಕೆ ಬೆಳೆದಿದೆ. ಗಾಡಿಯಿಲ್ಲ, ಟೊಪ್ಪಿಗೆಯಿಲ್ಲ, ಗುಬಟವಿಲ್ಲ. ಕೊಂಡ ದಿನ ಹೇಗಿತ್ತೋ ಕೊನೆಯ ದಿನವೂ ಹಾಗೆಯೇ. ಇದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಮೇಜಿನ ಕಂಪ್ಯೂಟರಿನಲ್ಲಿ ನಿಮ್ಮ ಬೆರಳಿಗೆ ಉಳಿದಿರುವ ಒಂದು ಕೆಲಸವಂತೂ ಇದ್ದೇ ಇದೆ, ಅದನ್ನು ಹೇಳಿ ಮುಗಿಸುತ್ತೇನೆ.

ಯಂತ್ರ ಹಾಕಿದಾಗಲೆಲ್ಲ ದಿನಾಂಕ ತಪ್ಪಾಗಿ ಬರುತ್ತಿದ್ದರೆ ಗೋಡೆಯ ಪ್ಲಗ್ಗನ್ನು ಕಿತ್ತು, ಪಕ್ಕದ ತಗಡನ್ನು ಬಿಚ್ಚಿ. ಹಲಗೆಯ ಮೇಲೆ ಬಿಲ್ಲೆಯಂಥ ಸೆಲ್ಲು ಕಾಣುತ್ತದೆ. ಸಾಮಾನ್ಯವಾಗಿ ಸಿಆರ್ ೨೦೩೨ ಎಂದು ಬರೆದಿರುತ್ತದೆ. ಮೂರು ವೋಲ್ಟಿನದು, ಕೈಗಡಿಯಾರ ರಿಪೇರಿಯ ಅಂಗಡಿಯಲ್ಲಿಯೂ ಸಿಕ್ಕುತ್ತದೆ. ಪಕ್ಕದ ಕೊಕ್ಕೆಯನ್ನು ಉಗುರಿನಿಂದ ಸರಿಸಿದರೆ ಅದು ತಾನೇ ಮೇಲಕ್ಕೆ ಹಾರುತ್ತದೆ. ಹೊಸದನ್ನು ಬರಹ ಮೇಲೆ ಕಾಣುವಂತೆ ಕೂರಿಸಿ. ಯಂತ್ರ ಹಾಕಿದೊಡನೆ ಡಿಲೀಟ್ ಇಲ್ಲವೆ ಎಫ್ ೨ ಕೀಲಿಯನ್ನು ಒತ್ತುತ್ತಿದ್ದರೆ ಏರ್ಪಾಡಿನ ಪುಟ ಬರುತ್ತದೆ. ದಿನ, ತಿಂಗಳು, ವರ್ಷ, ಗಂಟೆಗಳನ್ನು ತಿದ್ದಿ, ರ್ಯಾಮ್ ಇರುವಷ್ಟೂ ಕಾಣುತ್ತಿದೆಯೇ ಎಂದು ಒಮ್ಮೆ ನೋಡಿಕೊಂಡು, ಎಫ್ ೧೦ ಒತ್ತಿ ಹೊರಗೆ ಬನ್ನಿ.